ಗುಡ್ಡದ ಮೇಲಿನ ಬಂದರು

ಭಾನುವಾರ ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ ಎಂದು ಮಗಳು ಹೇಳುವ ಹೊತ್ತಿಗೆ ನಾನು ಪೆನ್ಸಿಲ್ಲಿನಲ್ಲಿ ನಾಲ್ಕು ಗುರುತು ಹಾಕಿ, ಮಷಿನ್ನಿಗೆ ಬಿಟ್ ಕೂರಿಸಿ, ವಯರು ಎಳೆದುಕೊಂಡಾಗಿತ್ತು. ಡ್ಯುಸೆಲ್‌ಡಾರ್ಫಿನಲ್ಲಿ ಅವಳದು ಮೂರನೇ ಮಹಡಿಯ ಬಾಡಿಗೆ ಮನೆ. ಪುಸ್ತಕಗಳೆಲ್ಲ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ಗೋಡೆಗೆ ಒಂದು ಶೆಲ್ಫು ಕೂರಿಸಿಕೊಟ್ಟು ಹೋಗಬೇಕೆಂಬುದು ನನ್ನ ಆಸೆ.

"ಅಪ್ಪಾ, ಇಲ್ಲಿ ಭಾನುವಾರ ಸದ್ದು ಮಾಡೋ ಹಾಗಿಲ್ಲ. ಕೆಳಗಡೆಯವರು ಬಂದು ಬಾಗಿಲು ತಟ್ತಾರೆ. ನಾಳೆ ನಾನು ಕೆಲಸದಿಂದ ಬಂದಮೇಲೆ ಹಾಕೋಣ."

ವಾರಕ್ಕೊಂದು ದಿನ ಇಡೀ ಊರು ಸುತ್ತಿಗೆ ಕೆಳಗಿಡುವುದು ನನಗೆ ಹಿಡಿಸಿತು. ಬೆಂಗಳೂರಿನ ಪೀಣ್ಯದ ಎರಡನೇ ಹಂತದಲ್ಲಿ ಮೂವತ್ತು ವರ್ಷ ಫ್ಯಾಬ್ರಿಕೇಷನ್ ಶೆಡ್ಡು ನಡೆಸಿದವನು ನಾನು. ನಮ್ಮಲ್ಲಿ ಭಾನುವಾರವೂ ಪಕ್ಕದ ಶೆಡ್ಡಿನ ಪ್ರೆಸ್ಸು ನಿಲ್ಲುತ್ತಿರಲಿಲ್ಲ. ಮಷಿನ್ನಿನಿಂದ ಬಿಟ್ ಬಿಚ್ಚಿ ಮೇಜಿನ ಮೇಲಿಟ್ಟೆ. ಅದನ್ನು ನೋಡುತ್ತಾ ಕೂತಾಗ ಹಿಂದಿನ ದಿನದ ಮಾತು ಮತ್ತೆ ಶುರುವಾಯಿತು.

ಶನಿವಾರ ನಾವು ಊರಾಚೆಯ ದೊಡ್ಡ ಹಾರ್ಡ್‌ವೇರ್ ಮಳಿಗೆಗೆ ಹೋಗಿದ್ದೆವು. ಒಂದು ಗೋಡೆ ತುಂಬ ಡ್ರಿಲ್ ಬಿಟ್‌ಗಳೇ. 1 ಮಿಲಿಮೀಟರಿನಿಂದ 10ರವರೆಗೆ ಅರ್ಧರ್ಧ ಏರುವ 19 ಬಿಟ್‌ಗಳ ಚಿನ್ನದ ಬಣ್ಣದ ಪೆಟ್ಟಿಗೆಯೊಂದನ್ನು ಮಗಳು ಕೈಗೆತ್ತಿಕೊಂಡಳು. ಹೆಸರು ಅಪ್ಪಟ ಜರ್ಮನ್. ನಾನು ಅಭ್ಯಾಸಬಲದಿಂದ ಪೆಟ್ಟಿಗೆ ಮಗುಚಿದೆ. ಬೆನ್ನಿನ ಮೇಲೆ ಇರುವೆಯಂಥ ಅಕ್ಷರದಲ್ಲಿ ಚೀನಾದಲ್ಲಿ ತಯಾರಾದದ್ದು ಎಂದಿತ್ತು. ಅದರ ಪಕ್ಕದ ಕೊಕ್ಕೆಯಲ್ಲಿ ಕಾಂಕ್ರೀಟಿಗೆ ಹಾಕುವ 6 ಮಿ.ಮೀ. ಬಿಟ್ ಒಂದೊಂದೇ ತೂಗಾಡುತ್ತಿತ್ತು. ಒಂದಕ್ಕೇ ಆ ಪೆಟ್ಟಿಗೆಯ ಹೆಚ್ಚುಕಡಿಮೆ ಅರ್ಧ ಬೆಲೆ.

"ಇಷ್ಟು ದೂರ ಬಂದು ಚೀನಾ ಬಿಟ್ ತಗೊಳ್ಳೋದಾ? ಇದನ್ನೇ ತಗೊಳ್ಳೋಣ, ಜರ್ಮನಿದು" ಎಂದಳು ಮಗಳು. ನಾನು ಅದನ್ನೇ ತೆಗೆದುಕೊಂಡೆ. ಆದರೆ ನನ್ನ ಕಾರಣ ಬೇರೆ ಇತ್ತು. ಅದರ ಕಂಬಿಯ ಮೇಲೆ ಪಿಜಿಎಂ ಎಂಬ ಪುಟ್ಟ ಮುದ್ರೆ ಇತ್ತು. ಗೋಡೆ ಕೊರೆಯುವ ಬಿಟ್‌ಗಳನ್ನು ಪರೀಕ್ಷೆಗೆ ಒಡ್ಡುವ ತಯಾರಕರ ಕೂಟವೊಂದಿದೆ. ಆ ಮುದ್ರೆ ಅವರದು. ಬಿಟ್ಟಿನ ಮೂತಿಗೆ ಬೆಸೆದ ಕಾರ್ಬೈಡ್ ಚೂರಿನ ಅಗಲ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಕೂದಲೆಳೆಯಷ್ಟು ಹೆಚ್ಚಾದರೆ ತೂತು ಸಡಿಲ, ಪ್ಲಗ್ಗು ತಿರುಗುತ್ತದೆ, ಶೆಲ್ಫು ಒಂದು ದಿನ ತಲೆಯ ಮೇಲೆ ಬೀಳುತ್ತದೆ. ನಾನು ನಂಬಿದ್ದು ಆ ಅಳತೆಯನ್ನು.

"ಈ ಮುದ್ರೆ ಕೊಡೋರು ಎಲ್ಲಿದಾರೆ?" ಎಂದು ಭಾನುವಾರ ಬೆಳಿಗ್ಗೆ ಮಗಳು ಫೋನು ತೆಗೆದಳು. ಒಂದು ನಿಮಿಷ ಬಿಟ್ಟು, "ರೆಮ್‌ಶೈಡ್ ಅಂತೆ. ಇಲ್ಲಿಂದ ರೈಲಲ್ಲಿ ಒಂದು ಗಂಟೆ ಆಗಬಹುದು" ಎಂದಳು.

ರೆಮ್‌ಶೈಡ್! ಹಳೆಯ ಅರಗಳ ಮೇಲೆ, ಸ್ಪ್ಯಾನರುಗಳ ಮೇಲೆ ಆ ಹೆಸರು ಕೊರೆದದ್ದನ್ನು ನಾನು ಎಸ್‌ಜೆಪಿ ರಸ್ತೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ನೋಡಿದ್ದೆ. ಅದೊಂದು ಊರು, ಅಲ್ಲಿಗೆ ರೈಲು ಹೋಗುತ್ತದೆ, ಭಾನುವಾರ ಹೋಗಿ ಬರಬಹುದು ಎಂದು ಯೋಚಿಸಿಯೇ ಇರಲಿಲ್ಲ. ಬಿಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಡ್ಯುಸೆಲ್‌ಡಾರ್ಫಿನಿಂದ ಲೋಕಲ್ ರೈಲಿನಲ್ಲಿ ಸೋಲಿಂಗೆನ್‌ವರೆಗೆ ಹೋಗಿ ಅಲ್ಲಿ ಬೇರೆ ರೈಲು ಹಿಡಿಯಬೇಕು. ಸೋಲಿಂಗೆನ್ ಎಂದರೆ ಚಾಕು, ಕತ್ತರಿ, ಕ್ಷೌರದ ಕತ್ತಿಯ ಊರು. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕಾಯುತ್ತಾ ಮಗಳಿಗೆ ಹೇಳಿದೆ: ನೀನು ನಿನ್ನೆ ಡಬ್ಬಿಯ ಮೇಲೆ ಹುಡುಕಿದೆಯಲ್ಲ, ಮೇಡ್ ಇನ್ ಜರ್ಮನಿ, ಆ ಮೂರು ಪದ ಹುಟ್ಟಿದ್ದು ಇಂಥ ಊರುಗಳ ಮೇಲಿನ ಸಿಟ್ಟಿನಿಂದ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಉಕ್ಕಿಗೆ, ಚಾಕುವಿಗೆ ಜಗತ್ತಿಗೇ ದೊಡ್ಡ ಹೆಸರು. ಜರ್ಮನಿಯಿಂದ ಅಗ್ಗದ ಚಾಕು, ಕತ್ತರಿ ಬಂದು ಶೆಫೀಲ್ಡಿನ ಮುದ್ರೆಯನ್ನೇ ಹೊತ್ತು ಮಾರಾಟವಾಗತೊಡಗಿದವು. ಜರ್ಮನಿಯವರೇ ಆದ ಇಂಜಿನಿಯರ್ ಫ್ರಾಂಜ್ ರೂಲೋ 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಹೋಗಿ, ನಮ್ಮ ದೇಶದ ಸಾಮಾನು ಅಗ್ಗ ಮತ್ತು ಕಳಪೆ ಎಂದು ಊರಿಗೆ ಬರೆದರು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು 1887ರ ಆಗಸ್ಟಿನಲ್ಲಿ ಸರಕುಮುದ್ರೆಗಳ ಕಾಯಿದೆ ತಂದಿತು. ಹೊರಗಿನ ಸಾಮಾನು ಇಂಗ್ಲಿಷ್ ಮಾಲಿನಂತೆ ಕಾಣುವ ಹಾಗಿದ್ದರೆ ಅದು ಯಾವ ದೇಶದ್ದೆಂದು ಬರೆಯಲೇಬೇಕು. ಕೊಳ್ಳುವವರು ಎಚ್ಚರವಾಗಿರಲಿ ಎಂದು ಹಚ್ಚಿದ ಗುರುತು ಅದು. ಹತ್ತೇ ವರ್ಷದಲ್ಲಿ ಅದೇ ಗುರುತು ನೋಡಿ ಜನ ಕೊಳ್ಳತೊಡಗಿದರು. ಬೈಸಿಕೊಂಡವರು ಹಟಕ್ಕೆ ಬಿದ್ದು ಕೆಲಸ ಕಲಿತಿದ್ದರು.

"ಹಾಗಾದ್ರೆ ಆಗ ಜರ್ಮನಿ ಅಂದ್ರೆ ಈಗಿನ ಚೀನಾ ಇದ್ದ ಹಾಗೆ?"

ಹೌದು ಮಗಳೇ ಎಂದೆ. ರೈಲು ಬಂತು.

ಸೋಲಿಂಗೆನ್ ದಾಟಿ ಸ್ವಲ್ಪ ದೂರಕ್ಕೆ ಕಾಡು ಒತ್ತಿಕೊಂಡು ಬಂದು, ಇದ್ದಕ್ಕಿದ್ದಂತೆ ಎರಡೂ ಕಡೆ ನೆಲ ಕಾಣದಾಯಿತು. ಕೆಳಗೆ ವುಪ್ಪರ್ ನದಿ ಒಂದು ದಾರದಷ್ಟು. ಮ್ಯುಂಗ್‌ಸ್ಟೆನ್ ಸೇತುವೆ, 107 ಮೀಟರ್ ಎತ್ತರ, 1897ರಲ್ಲಿ ತೆರೆದದ್ದು. ಉಕ್ಕಿನ ಪಟ್ಟಿಗಳನ್ನು ಒಂಬತ್ತು ಲಕ್ಷಕ್ಕೂ ಹೆಚ್ಚು ರಿವೆಟ್ಟುಗಳಿಂದ ಹೊಲಿದಿದ್ದಾರೆ. ಕೊನೆಯ ರಿವೆಟ್ಟು ಚಿನ್ನದ್ದು, ಎಲ್ಲಿದೆಯೆಂದು ಇಂದಿಗೂ ಯಾರಿಗೂ ಗೊತ್ತಾಗಿಲ್ಲ ಎಂದು ಅಲ್ಲಿನವರು ಹೇಳುವ ಕಥೆಯನ್ನು ಮಗಳು ಹೇಳಿದಳು. ನನಗೆ ಚಿನ್ನದ ರಿವೆಟ್ಟಿಗಿಂತ ಆ ತೂತುಗಳೇ ತಲೆಯಲ್ಲಿ ಸುತ್ತಿದವು. ಒಂಬತ್ತು ಲಕ್ಷ ರಿವೆಟ್ಟೆಂದರೆ ಪ್ರತಿಯೊಂದಕ್ಕೂ ಎದುರುಬದುರು ಪಟ್ಟಿಗಳಲ್ಲಿ ಒಂದರ ಮೇಲೊಂದು ಕೂರುವ ತೂತು ಬೇಕು. ಅವುಗಳಲ್ಲಿ ಯಾವುದೂ ಅಡ್ಡ ಹೋಗದಿದ್ದುದರಿಂದಲೇ ಈ ಬೆಳಿಗ್ಗೆ ನಾವು ಕಾಫಿ ಲೋಟ ಹಿಡಿದು ಇದರ ಮೇಲೆ ಸಾಗುತ್ತಿದ್ದೇವೆ.

ನನಗೆ ತೂತಿನ ಮೇಲೆ ಯಾಕಿಷ್ಟು ಕಾಳಜಿ ಎಂದರೆ ಒಬ್ಬ ಹುಡುಗನ ಹೆಬ್ಬೆರಳಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಶೆಡ್ಡಿಗೆ ಸ್ಟೇನ್‌ಲೆಸ್ ಸ್ಟೀಲ್ ಟ್ರಾಲಿಗಳ ಆರ್ಡರು ಬಂದಿತ್ತು. 3 ಮಿ.ಮೀ. ತಗಡಿಗೆ 8 ಮಿ.ಮೀ. ತೂತು. ಬಿಟ್ ಮುಗಿದಿದ್ದವು, ಅವಸರದಲ್ಲಿ ಹತ್ತಿರದಲ್ಲೇ ಸಿಕ್ಕ ಡಬ್ಬಿಯೊಂದನ್ನು ತರಿಸಿದೆ. ಡಬ್ಬಿಯ ಮೇಲೆ ಜರ್ಮನ್ ಟೆಕ್ನಾಲಜಿ ಎಂಬ ದಪ್ಪ ಅಕ್ಷರ, ಒಳಗೆ ಮೈತುಂಬ ಬಂಗಾರ ಬಳಿದ ಬಿಟ್‌ಗಳು. ಮೊದಲ ತೂತಿಗೇ ಹೊಗೆ ಬಂತು. ಎರಡನೆಯದಕ್ಕೆ ಮೂತಿ ನೀಲಿಗಟ್ಟಿತು. ಸ್ಟೇನ್‌ಲೆಸ್ ಸ್ಟೀಲಿಗೆ ಒಂದು ಗುಣವಿದೆ: ಬಿಟ್ ಅದನ್ನು ಕತ್ತರಿಸುತ್ತಾ ಹೋದರೆ ಸುಮ್ಮನಿರುತ್ತದೆ, ಕತ್ತರಿಸದೆ ಬರೀ ಉಜ್ಜಿದರೆ ಉಜ್ಜಿದ ಜಾಗ ಇನ್ನಷ್ಟು ಗಡುಸಾಗುತ್ತದೆ. ಹುಡುಗ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಬಿಟ್ ಟಣ್ಣೆಂದು ಮುರಿದು, ತಿರುಗುತ್ತಿದ್ದ ಮೋಟು ತಗಡು ಹಿಡಿದಿದ್ದ ಎಡಗೈಯ ಹೆಬ್ಬೆರಳ ಬುಡಕ್ಕೆ ನಾಟಿತು. ಮೂರು ಹೊಲಿಗೆ. ಗುರುತು ಇನ್ನೂ ಇದೆ.

ಅವನನ್ನು ಆಸ್ಪತ್ರೆಯಿಂದ ಮನೆಗೆ ಬಿಟ್ಟು ಬಂದು, ರಾತ್ರಿ ಒಬ್ಬನೇ ಆ ಮುರಿದ ತುಂಡನ್ನು ಗ್ರೈಂಡಿಂಗ್ ಚಕ್ರಕ್ಕೆ ಒತ್ತಿ ಹಿಡಿದೆ. ಬಿಳಿ ಹಳದಿ ಕಿಡಿಗಳು ಸುರುಸುರು ಬತ್ತಿಯ ಹಾಗೆ ನಕ್ಷತ್ರ ನಕ್ಷತ್ರವಾಗಿ ಸಿಡಿದವು. ಪಕ್ಕದ ಡಬ್ಬಿಯಲ್ಲಿದ್ದ ನಮ್ಮ ಹಳೆಯ ಬಿಟ್ಟೊಂದನ್ನು ಹಿಡಿದೆ. ಮಂಕು ಕೆಂಪು ಕಿಡಿ, ಅದೂ ಕೆಲವೇ ಎಳೆ, ಸಿಡಿತವಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಕತ್ತಲಲ್ಲಿ ಕಣ್ಣಿಗೆ ರಾಚುತ್ತಿತ್ತು. ಮೊದಲನೆಯದು ಬರೀ ಇಂಗಾಲದ ಉಕ್ಕು. 250 ಡಿಗ್ರಿ ಶಾಖ ದಾಟುವಷ್ಟರಲ್ಲಿ ಅದರ ಹದ ಹೋಗುತ್ತದೆ. ಎರಡನೆಯದು ನಿಜವಾದ ಹೈಸ್ಪೀಡ್ ಸ್ಟೀಲ್. ಸುಮಾರು 600 ಡಿಗ್ರಿಯವರೆಗೆ ಗಡಸುತನ ಬಿಡುವುದಿಲ್ಲ. ಅದರಲ್ಲಿ ನೂರಕ್ಕೆ ಆರರಷ್ಟು ಟಂಗ್‌ಸ್ಟನ್, ಐದರಷ್ಟು ಮಾಲಿಬ್ಡಿನಮ್, ನಾಲ್ಕರಷ್ಟು ಕ್ರೋಮಿಯಂ, ಎರಡರಷ್ಟು ವೆನೇಡಿಯಂ ಇರುತ್ತದೆ. ಸ್ಟೇನ್‌ಲೆಸ್ಸಿಗೆ ಇನ್ನೂ ಐದರಷ್ಟು ಕೋಬಾಲ್ಟ್ ಸೇರಿದ್ದು ಬೇಕಿತ್ತು. ಬಂಗಾರದ ಬಣ್ಣದ ಲೇಪನ ಸುಳ್ಳಲ್ಲ. ಟೈಟಾನಿಯಂ ನೈಟ್ರೈಡ್ ಎಂಬುದು ನಿಜಕ್ಕೂ ಬಂಗಾರದ ಬಣ್ಣದ್ದೇ, ಒಳ್ಳೆಯ ಬಿಟ್ಟಿನ ಮೇಲೆ ಕೂತರೆ ಬಾಳಿಕೆ ಹೆಚ್ಚುತ್ತದೆ. ನಾನು ತಂದಿದ್ದು ಮಾತ್ರ ಬಣ್ಣ. ಆ ಹುಡುಗ ಒತ್ತಿದ್ದು ತಪ್ಪಲ್ಲ. ಬಿಟ್ ಕೊರೆಯದೆ ಹೋದಾಗ ಕೈ ತಾನಾಗಿ ಒತ್ತುತ್ತದೆ. ಅಂದಿನಿಂದ ಡಬ್ಬಿಯ ಮುಂಭಾಗ ಓದುವುದನ್ನು ಬಿಟ್ಟೆ.

ರೆಮ್‌ಶೈಡ್ ಗುಡ್ಡದ ನೆತ್ತಿಯ ಮೇಲಿದೆ. 1943ರ ಜುಲೈ ಕೊನೆಯ ಒಂದು ರಾತ್ರಿ ಬಾಂಬು ಬಿದ್ದು ಊರಿನ ನಡುಭಾಗ ಸುಟ್ಟುಹೋಗಿತ್ತು. ಹಾಗಾಗಿ ನಿಲ್ದಾಣದಿಂದ ಹೊರಗೆ ಬಂದಾಗ ಹಳೆಯದೇನೂ ಕಾಣುವುದಿಲ್ಲ. ಬಸ್ಸು ಹಿಡಿದು ಹಾಸ್ಟೆನ್ ಎಂಬ ಬಡಾವಣೆಗೆ ಹೋದಮೇಲೆ ಆ ಸೀಮೆಯ ಮನೆಗಳು ಕಂಡವು. ಗೋಡೆಗೆ ಕಪ್ಪು ಸ್ಲೇಟು ಕಲ್ಲಿನ ಹೊದಿಕೆ, ಬಿಳಿ ಕಿಟಕಿ, ಹಸಿರು ಬಾಗಿಲು. ಈ ಊರನ್ನು ಜರ್ಮನ್ನರು ಗುಡ್ಡದ ಮೇಲಿನ ಬಂದರು ಎಂದು ಕರೆಯುತ್ತಾರೆ. ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೆ ಇಲ್ಲಿಯ ಅರ, ಗರಗಸ, ಉಳಿ, ಬೈರಿಗೆಗಳು ಹಡಗು ಹತ್ತಿ ಎಷ್ಟೊಂದು ದೇಶಗಳಿಗೆ ಹೋದವೆಂದರೆ ಇಲ್ಲಿನ ವರ್ತಕರಿಗೆ ದೂರದ ಬಂದರುಗಳು ಪಕ್ಕದ ಬೀದಿಯಷ್ಟು ಪರಿಚಯ.

ಯಾಕೆ ಈ ಊರೇ? ಸುತ್ತಲಿನ ಕಣಿವೆಗಳನ್ನು ನೋಡಿದರೆ ಗೊತ್ತಾಗುತ್ತದೆ. ಮಳೆ ಹೆಚ್ಚು, ಇಳಿಜಾರು ಕಡಿದು. ಪ್ರತಿ ಹಳ್ಳಕ್ಕೂ ಅಡ್ಡಕಟ್ಟೆ ಹಾಕಿ, ನೀರಿನ ಚಕ್ರದಿಂದ ದೊಡ್ಡ ಸುತ್ತಿಗೆ ಎತ್ತಿ ಬಡಿಯುವ ಕುಲುಮೆಗಳನ್ನು ನೂರಾರು ವರ್ಷ ಹಿಂದೆಯೇ ಕಟ್ಟಿದ್ದರು. ಕಾಡಿನಲ್ಲಿ ಇದ್ದಿಲು, ನೆಲದಲ್ಲಿ ಅದಿರು. ಅಪ್ಪನಿಂದ ಮಗನಿಗೆ ಕಸುಬು. 1906ರಲ್ಲಿ ಜರ್ಮನಿಯ ಮೊದಲ ವಿದ್ಯುತ್ ಕುಲುಮೆಯಲ್ಲಿ ಉಕ್ಕು ಕರಗಿದ್ದೂ ಇದೇ ಊರಿನಲ್ಲಿ, ರಿಷಾರ್ಡ್ ಲಿಂಡೆನ್‌ಬರ್ಗ್ ಅವರ ಕಾರ್ಖಾನೆಯಲ್ಲಿ.

ಹಾಸ್ಟೆನ್‌ನಲ್ಲಿ ಜರ್ಮನಿಯ ಆಯುಧಗಳ ಮ್ಯೂಸಿಯಂ ಇದೆ. ಆಯುಧ ಎಂದರೆ ಕತ್ತಿ ಗುರಾಣಿ ಅಲ್ಲ, ಆಯುಧಪೂಜೆಯ ಆಯುಧ. ಕಲ್ಲುಕೊಡಲಿಯಿಂದ ಕಂಪ್ಯೂಟರ್ ನಡೆಸುವ ಮಷಿನ್ನಿನವರೆಗೆ. ನಾನು ಹೆಚ್ಚು ಹೊತ್ತು ನಿಂತದ್ದು ಅರ ಮಾಡುವವರ ಕೆಲಸದ ಮುಂದೆ. ಯಂತ್ರ ಬರುವ ಮುಂಚೆ ಅರದ ಒಂದೊಂದು ಹಲ್ಲನ್ನೂ ಕೈಯಿಂದಲೇ ಕಡಿಯುತ್ತಿದ್ದರು. ಎಡಗೈಯಲ್ಲಿ ಮೋಟು ಉಳಿ, ಬಲಗೈಯಲ್ಲಿ ಸುತ್ತಿಗೆ. ಒಂದು ಪೆಟ್ಟಿಗೆ ಒಂದು ಹಲ್ಲು. ಹಿಂದಿನ ಪೆಟ್ಟಿನಿಂದ ಎದ್ದ ಅಂಚಿಗೆ ಉಳಿಯನ್ನು ತಾಗಿಸಿ, ಬೆರಳಿಗೆ ಆ ತಡೆ ಸಿಕ್ಕಕೂಡಲೇ ಮುಂದಿನ ಪೆಟ್ಟು. ಕಣ್ಣಿನ ಅಳತೆಯಲ್ಲ, ಬೆರಳಿನ ಅಳತೆ. ಒಂದು ಅರಕ್ಕೆ ಸಾವಿರಾರು ಪೆಟ್ಟು.

ನನಗೆ ನಮ್ಮೂರಿನ ಆಚಾರ್ರು ನೆನಪಾದರು. ಬೇಸಿಗೆಯಲ್ಲಿ ಗಾಡಿ ಚಕ್ರ ಮಾಡುವಾಗ ಬೈರಿಗೆಯ ಹಗ್ಗ ಎಳೆಯುವ ಕೆಲಸ ನಮಗೆ ಹುಡುಗರಿಗೆ. ಅವರು ಮೇಲಿನಿಂದ ಒತ್ತಿ ಹಿಡಿದರೆ ನಾವು ಹಗ್ಗವನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುವುದು. ಆ ಬೈರಿಗೆಯ ಮೊನೆ ಚಪ್ಪಟೆ; ಅವರೇ ಕುಲುಮೆಯಲ್ಲಿ ಬಡಿದದ್ದು. ಕಾಯಿಸಿ ನೀರಿಗದ್ದಿ, ಮತ್ತೆ ಹಗುರ ಕಾಯಿಸುತ್ತಾ ಅದರ ಮೇಲೆ ಹರಿಯುವ ಬಣ್ಣ ನೋಡುತ್ತಿದ್ದರು. ಒಣಹುಲ್ಲಿನ ಬಣ್ಣ ಬಂದ ಗಳಿಗೆ ಮತ್ತೆ ನೀರಿಗೆ. ನೀಲಿ ಬಂದರೆ ಕೈಬಿಟ್ಟು ಹೋಯಿತೆಂದು ಮೊದಲಿಂದ ಶುರು. ಅಮೆರಿಕದ ಸ್ಟೀವನ್ ಮೋರ್ಸ್ 1863ರಲ್ಲಿ ಸುರುಳಿ ಗೀರಿನ ಬಿಟ್ಟಿಗೆ ಪೇಟೆಂಟು ತೆಗೆದ ಮೇಲೂ ನೂರು ವರ್ಷ ನಮ್ಮ ಹಳ್ಳಿಗಳಲ್ಲಿ ಆ ಚಪ್ಪಟೆ ಮೊನೆಯೇ ಗಾಡಿ ಕಟ್ಟಿತು. ಅದರ ಮೇಲೆ ಯಾವ ಊರಿನ ಹೆಸರೂ ಇರಲಿಲ್ಲ. ಅದನ್ನು ಯಾರು ಬಡಿದರೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಬಸ್ಸಿಗೆ ಕಾಯುವಾಗ ಬೆಂಚಿನ ಮೇಲೆ ವಯಸ್ಸಾದ ಒಬ್ಬರು ಕೂತಿದ್ದರು. ಮಗಳು ಮಾತಾಡಿಸಿದಳು. ಅವರು ಇದೇ ಊರಿನ ಕಾರ್ಖಾನೆಯೊಂದರಲ್ಲಿ ಉಕ್ಕಿಗೆ ಹದ ಕೊಡುವ ಕೆಲಸದಲ್ಲಿದ್ದು ನಿವೃತ್ತರಾದವರಂತೆ. ನಾನು ಜೇಬಿನಿಂದ ಬಿಟ್ ತೆಗೆದು ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಮೂತಿಯನ್ನು ಬೆಳಕಿಗೆ ಹಿಡಿದು, ಬೆರಳ ತುದಿಗಳ ನಡುವೆ ನಿಧಾನ ಹೊರಳಿಸಿದರು. ಎಲ್ಲಿ ತಯಾರಾಯಿತೆಂದು ಅವರೂ ಕೇಳಲಿಲ್ಲ. ಬೆಸುಗೆಯ ಗೆರೆ ನೋಡಿದರು, ಕಾರ್ಬೈಡ್ ಚೂರು ನಡುವಿಗೆ ಕೂತಿದೆಯೇ ಎಂದು ನೋಡಿದರು, ತಲೆಯಾಡಿಸಿ ವಾಪಸು ಕೊಟ್ಟರು. ಮಗಳ ಮೂಲಕ ನಾವು ಮಾತಾಡಿದ್ದೆಲ್ಲ ಬೆಂಕಿಯ ವಿಷಯ. ಹೈಸ್ಪೀಡ್ ಸ್ಟೀಲನ್ನು 1200 ಡಿಗ್ರಿಯ ಆಸುಪಾಸಿಗೆ ಒಯ್ಯಬೇಕು, ಹೆಚ್ಚಾದರೆ ಕಣ ದಪ್ಪವಾಗಿ ಬಿಸ್ಕತ್ತಿನಂತೆ ಮುರಿಯುತ್ತದೆ, ಕಡಿಮೆಯಾದರೆ ಗಡಸು ಬರುವುದಿಲ್ಲ. ಆಮೇಲೆ 550ರ ಸುಮಾರಿನಲ್ಲಿ ಎರಡು ಮೂರು ಸಲ ಹದ. ಒಂದು ಸಲ ಕಡಿಮೆ ಮಾಡಿದರೆ ಕರೆಂಟು ಉಳಿಯುತ್ತದೆ, ಸಮಯ ಉಳಿಯುತ್ತದೆ, ಹೊರಗಿಂದ ನೋಡಿದರೆ ಯಾರಿಗೂ ತಿಳಿಯುವುದಿಲ್ಲ. "ತಿಳಿಯೋದು ಕೊರೆಯೋನ ಕೈಗೆ, ಅಷ್ಟು ಹೊತ್ತಿಗೆ ಬಿಟ್ ಮಾರಿ ಆಗಿರುತ್ತೆ ಅಂತಾರೆ" ಎಂದಳು ಮಗಳು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಊರಿನ ಹೆಸರಿಗೆ ಬೆಲೆ ಬರುವುದು ಇಲ್ಲಿಯೇ. ಯಾರೂ ನೋಡದ ಆ ಮೂರನೇ ಸಲದ ಹದವನ್ನು ತಪ್ಪಿಸದ ಜನ ಎಲ್ಲಿ ಒಟ್ಟಾಗಿ ಬಹಳ ಕಾಲ ಬದುಕಿದ್ದಾರೋ ಆ ಊರು ಬಿಟ್ಟಿನ ಮೇಲೆ ತನ್ನ ಹೆಸರು ಬರೆಯಬಹುದು. ಅಂಥ ಊರು ಜರ್ಮನಿಯಲ್ಲೇ ಇರಬೇಕೆಂದೇನಿಲ್ಲ. ಜಪಾನಿನ ತೊಯಾಮಾದ ನಾಚಿ ಬಿಟ್ಟನ್ನು ನಾನು ವರ್ಷಗಟ್ಟಲೆ ಬಳಸಿದ್ದೇನೆ. ನಮ್ಮ ಚೆನ್ನೈನ ಅಡಿಸನ್ ಬಿಟ್‌ಗಳು ಪೀಣ್ಯದ ಎಷ್ಟೋ ಶೆಡ್ಡುಗಳ ಅನ್ನ ಬೇಯಿಸಿವೆ. ಚೀನಾದ ಜಿಯಾಂಗ್ಸು ಪ್ರಾಂತ್ಯದ ದಾನ್‌ಯಾಂಗ್‌ನಲ್ಲಿ ಜಗತ್ತಿನ ದೊಡ್ಡ ಹೈಸ್ಪೀಡ್ ಸ್ಟೀಲ್ ತಯಾರಕರಲ್ಲೊಬ್ಬರು ಇದ್ದಾರೆ. ಒಳ್ಳೆಯ ಬಿಟ್ ಮಾಡಲು ಅವರಿಗೂ ಬರುತ್ತದೆ, ಕೆಟ್ಟದ್ದಕ್ಕೆ ಆರ್ಡರು ಕೊಡುವವರಿಗೆ ಕೆಟ್ಟದ್ದನ್ನೂ ಮಾಡಿಕೊಡುವವರು ಅದೇ ದೇಶದಲ್ಲಿದ್ದಾರೆ. ಚೀನಾ ಎಂದು ಬರೆದದ್ದರಿಂದ ನನಗೆ ತಿಳಿಯುವುದು ಕಡಿಮೆ. ಬೆಲೆ ಎಷ್ಟಕ್ಕೆ ಇಳಿಸಿ ಕೊಂಡರು ಎಂದು ಬರೆದಿದ್ದರೆ ಹೆಚ್ಚು ತಿಳಿಯುತ್ತಿತ್ತು.

ಕೊಳ್ಳುವಾಗ ನಾನು ನೋಡುವುದನ್ನು ವಾಪಸು ರೈಲಿನಲ್ಲಿ ಮಗಳಿಗೆ ಹೇಳುತ್ತಾ ಬಂದೆ. ಲೋಹಕ್ಕಾದರೆ ಜರ್ಮನ್ ಮಾನಕದ ಗುರುತು, ಡಿಐಎನ್ 338 ಎಂದು ಬರೆದಿದೆಯೇ? ಹೈಸ್ಪೀಡ್ ಸ್ಟೀಲ್ ಎನ್ನುವ ಎಚ್‌ಎಸ್‌ಎಸ್ ಎಂಬುದರ ಮುಂದೆ ಆರ್ ಇದೆಯೇ, ಜಿ ಇದೆಯೇ? ಆರ್ ಎಂದರೆ ಗೀರನ್ನು ಕಾಯಿಸಿ ಉರುಳಿಸಿ ಮೂಡಿಸಿದ್ದು. ಸಾಧಾರಣ ಕರ್ರಗಿರುತ್ತದೆ, ಅಳತೆ ಅಷ್ಟು ಬಿಗಿ ಇಲ್ಲ, ಆದರೆ ಕೈಮಷಿನ್ನಿನಲ್ಲಿ ವಾಲಿದರೂ ಸ್ವಲ್ಪ ಬಳುಕಿ ಉಳಿಯುತ್ತದೆ. ಜಿ ಎಂದರೆ ಗಡಸು ಮಾಡಿದ ಗುಂಡು ಕಂಬಿಯನ್ನು ಸಾಣೆಯಿಂದಲೇ ಕೊರೆದು ತೆಗೆದದ್ದು. ಬೆಳ್ಳಗೆ ಹೊಳೆಯುತ್ತದೆ, ನೇರ ಓಡುತ್ತದೆ. ಆಮೇಲೆ ಮೂತಿ. ಎರಡು ಅಲಗೂ ಒಂದೇ ಉದ್ದ ಇರಬೇಕು. ಒಂದು ಉದ್ದ, ಒಂದು ಗಿಡ್ಡ ಆದರೆ ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ. ಗಾಜಿನ ಮೇಲೆ ಹೊರಳಿಸಿದರೆ ತುದಿ ಕುಣಿಯಬಾರದು. ಬುಡಕ್ಕೆ ಹಳೆಯ ಅರ ತಾಗಿಸಬೇಡ, ಅದನ್ನು ಬೇಕೆಂದೇ ಮೆತ್ತಗೆ ಬಿಟ್ಟಿರುತ್ತಾರೆ. ಅಲಗಿನ ಹತ್ತಿರ ತಾಗಿಸು, ಅರ ಜಾರಬೇಕು, ಕಚ್ಚಬಾರದು.

"ಕಾಂಕ್ರೀಟಿಂದೋ?"

"ಅದಕ್ಕೆ ವಿಡಿಯಾ."

ಅವಳಿಗೆ ಆ ಪದ ಗೊತ್ತಿರಲಿಲ್ಲ. ಬೆಂಗಳೂರಿನ ಯಾವ ಪ್ಲಂಬರನ್ನು ಕೇಳಿದರೂ ಕಾರ್ಬೈಡ್ ಮೂತಿಗೆ ವಿಡಿಯಾ ಎಂದೇ ಹೇಳುತ್ತಾನೆ. ವಜ್ರದಂತೆ ಎಂಬರ್ಥದ ಎರಡು ಜರ್ಮನ್ ಪದಗಳನ್ನು ಕತ್ತರಿಸಿ ಜೋಡಿಸಿದ ಹೆಸರು ಅದು. ಇಲ್ಲಿಂದ ದೂರವಿಲ್ಲದ ಎಸ್ಸೆನ್ ಪಟ್ಟಣದ ಕ್ರುಪ್ ಕಂಪನಿ 1926ರಲ್ಲಿ ಆ ಹೆಸರಿಟ್ಟಿತು. 1964ರಲ್ಲಿ ಅದೇ ಹೆಸರಿನ ಕಂಪನಿ ನಮ್ಮಲ್ಲೂ ಹುಟ್ಟಿತು. ತುಮಕೂರು ರಸ್ತೆಯ ಅದರ ಕಾರ್ಖಾನೆಯ ಗೇಟಿನ ಮುಂದೆ ನಾನು ಮೂವತ್ತು ವರ್ಷ ಸೈಕಲ್ಲಿನಲ್ಲಿ, ಸ್ಕೂಟರಿನಲ್ಲಿ ಓಡಾಡಿದ್ದೇನೆ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನ ಜೊತೆ ಒತ್ತಿ, ಬೇಯಿಸಿ ಗಟ್ಟಿ ಮಾಡುವ ಆ ವಿದ್ಯೆಯನ್ನು ನಮ್ಮ ಹುಡುಗರು ಕಲಿತು ಎರಡು ತಲೆಮಾರಾಯಿತು. ಸೇತುವೆ ಮತ್ತೆ ಬಂತು. ಈ ಸಲ ಇಬ್ಬರೂ ಸುಮ್ಮನೆ ಕೆಳಗೆ ನೋಡಿದೆವು.

ಸೋಮವಾರ ಸಂಜೆ ಆರಕ್ಕೆ ಮಷಿನ್ ಹಿಡಿದೆ. ಮೊದಲು ಹ್ಯಾಮರ್ ಆಫ್ ಮಾಡಿ ಗಿಲಾವಿನಲ್ಲಿ ಒಂದು ಗುಳಿ, ಆಮೇಲೆ ಹ್ಯಾಮರ್. ಬಿಳಿ ಪುಡಿ ಉದುರಿತು, ಎರಡು ಸೆಂಟಿಮೀಟರು ಒಳಹೋದ ಮೇಲೆ ಪುಡಿಯ ಬಣ್ಣ ಕೆಂಪಾಯಿತು. ಹಳೆಯ ಕಾಲದ ಇಟ್ಟಿಗೆ ಗೋಡೆ. ಒತ್ತಬೇಕಾಗಲಿಲ್ಲ. ಮಗಳು ಲಕೋಟೆಯೊಂದನ್ನು ಮಡಚಿ ಕೆಳಗೆ ಹಿಡಿದು ಪುಡಿಯನ್ನೆಲ್ಲ ಹಿಡಿದಳು. ನಾಲ್ಕು ತೂತು ಮುಗಿಸಿ ಬಿಟ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಮೂತಿಯ ಅಂಚು ಹಾಗೇ ಇತ್ತು. ಬೂದು ಬಣ್ಣದ ನೈಲಾನ್ ಪ್ಲಗ್ಗನ್ನು ತೂತಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದೆ. ಮುಕ್ಕಾಲು ಭಾಗ ತಾನೇ ಹೋಯಿತು. ಉಳಿದ ಕಾಲುಭಾಗಕ್ಕೆ ಸುತ್ತಿಗೆಯ ಎರಡು ಸಣ್ಣ ಪೆಟ್ಟು.

"ಅಷ್ಟೇನಾ?" ಎಂದಳು ಮಗಳು.

"ಅಷ್ಟೇ. ಸ್ಕ್ರೂ ಕೊಡು."